ಗೌರಿ ಯಾಕೆ ಹಿಂದೆ ಸರಿದಳು?

ಚಾಮರಾಜನಗರದ ಸೀಮೆಯಲ್ಲಿ ಕುದೇರು ಅಂದರೆ ಹಾಲು. ಜಿಲ್ಲೆಯ ಹಾಲೆಲ್ಲ ಬಂದು ಸೇರುವ ದೊಡ್ಡ ಡೈರಿ ಇರುವುದು ಇಲ್ಲೇ. ಟ್ಯಾಂಕರುಗಳು ಹೋಗಿ ಬಂದು ಮಾಡುವ ರಸ್ತೆ ಬಿಟ್ಟು ಒಳಗೆ ನಡೆದರೆ ಊರಾಚೆಗೆ ಸಿಗುವ ಸರ್ಕಾರಿ ಶಾಲೆಗಳಲ್ಲಿ ಒಂದಕ್ಕೆ ನಾನು ಹೋಗಿದ್ದೆ. ಮಕ್ಕಳು ಪುಸ್ತಕದಲ್ಲಿ ಬರೆದಿರುವುದನ್ನು ಓದುವುದನ್ನು ಎಲ್ಲ ಕಡೆಯೂ ನೋಡಿದ್ದೇನೆ. ಬರೆಯದೆ ಬಿಟ್ಟದ್ದನ್ನು ಅವರು ಹೇಗೆ ಹಿಡಿಯುತ್ತಾರೆ, ಅದನ್ನು ಕಲಿಸುವುದು ಸಾಧ್ಯವೇ ಅನ್ನುವುದನ್ನು ಒಂದು ದಿನ ಸುಮ್ಮನೆ ಕೂತು ನೋಡಬೇಕಿತ್ತು.

ಗೇಟು ದಾಟಿದಾಗ ಅಂಗಳದಲ್ಲಿ ಹಾಲಿನ ಹೊತ್ತು. ಸ್ಟೀಲ್ ಲೋಟ ಹಿಡಿದ ಮಕ್ಕಳ ಸಾಲು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು. ಒಬ್ಬೊಬ್ಬರಿಗೆ 18 ಗ್ರಾಂ ಪುಡಿಯಿಂದ ಮಾಡಿದ 150 ಮಿಲಿ ಲೀಟರು. ಬೆಳಿಗ್ಗೆ ಮನೆಯ ಹಾಲನ್ನು ಡೈರಿಗೆ ಹಾಕಿ ಬಂದ ಮಕ್ಕಳು ಶಾಲೆಯಲ್ಲಿ ಪುಡಿ ಹಾಲು ಕುಡಿಯುತ್ತಿದ್ದರು. ಒಬ್ಬ ಹುಡುಗ ಲೋಟ ಓರೆ ಮಾಡಿ, ಹಾಲು ಅಂಚಿಗೆ ಎಷ್ಟು ಅಂಟುತ್ತದೆ ಎಂದು ನೋಡಿ ಆಮೇಲೆ ಕುಡಿದ. ಅದನ್ನು ಯಾರು ಹೇಳಿಕೊಟ್ಟರೋ.

ಮೊದಲ ಕೊಠಡಿ ನಲಿ-ಕಲಿಯದು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರಗಳಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳು ನೇತಾಡುತ್ತವೆ. ಅದಕ್ಕೆ ಇಲ್ಲಿ ಚಪ್ಪರ ಅನ್ನುತ್ತಾರೆ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ರಾಜ್ಯವೆಲ್ಲ ಹರಡಿದ ಈ ಪದ್ಧತಿಯಲ್ಲಿ ಅಕ್ಷರ ಕಲಿಕೆ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ ಗ ಸ ದ ಅ ಎಂದು ಶುರುವಾಗುತ್ತದೆ. ಆ ಐದೇ ಅಕ್ಷರ ಬಂದರೂ ಸರ, ಅರಸ, ಅಗಸ, ದಸರ ಎಂದು ಕೂಡಿಸಿ ಓದಬಹುದು.

ಮಿಸ್ಸು ಮೂರು ಕಾರ್ಡುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟರು: ಅರಸ, ದಸರ, ಸರ. ಮಕ್ಕಳು ಕೂಡಿಸಿ ಓದಿದರು. ನಾನಾಗಿದ್ದರೆ ಅಲ್ಲಿಗೇ ಬಿಟ್ಟು ಮುಂದಿನ ಕಾರ್ಡಿಗೆ ಹೋಗುತ್ತಿದ್ದೆ ಅನ್ನಿಸುತ್ತದೆ. ಅವರು, “ಇದು ಯಾವ ಊರು?” ಎಂದು ಕೇಳಿದರು. ಊರಿನ ಹೆಸರು ಯಾವ ಕಾರ್ಡಿನಲ್ಲೂ ಇಲ್ಲ. ಒಂದು ಗಳಿಗೆ ಸುಮ್ಮನಿದ್ದು ನಾಲ್ಕೈದು ಮಕ್ಕಳು ಒಟ್ಟಿಗೇ “ಮೈಸೂರು” ಎಂದು ಕೂಗಿದರು. “ಅರಸ ಎಲ್ಲಿ ಕೂತವ್ನ?” ಎಂದರೆ “ಆನೆ ಮ್ಯಾಲ.” ಮೂಲೆಯಲ್ಲಿದ್ದ ಪುಟ್ಟ ಹುಡುಗಿ ಮಾತ್ರ ಒಪ್ಪಲಿಲ್ಲ. “ಆನೆ ಮ್ಯಾಲ ಚಾಮುಂಡವ್ವ ಇರೋದು. ನಾನು ನೋಡಿವ್ನಿ.” ಅವಳು ನೋಡಿದ್ದು ಟೀವಿಯಲ್ಲೋ, ಅಪ್ಪನ ಹೆಗಲ ಮೇಲೆ ಕೂತೋ ತಿಳಿಯಲಿಲ್ಲ. ಮೂರು ಪದಗಳಿಂದ ಒಂದು ಜಂಬೂಸವಾರಿಯನ್ನೇ ಎಬ್ಬಿಸಿ, ಅದರಲ್ಲೊಂದು ತಿದ್ದುಪಡಿಯನ್ನೂ ತಂದವರಿಗೆ ಇನ್ನೂ ಒತ್ತಕ್ಷರ ಬರುವುದಿಲ್ಲ.

ಅಲ್ಲಿಂದ ಜಗುಲಿಗೆ ಬಂದೆ. ಚೀಲಗಳ ಸಾಲಿನಲ್ಲಿ ಹೊರಗೆ ಇಣುಕುತ್ತಿದ್ದ ಒಂದು ಹಳೆಯ ಕನ್ನಡ ಪಠ್ಯಪುಸ್ತಕವನ್ನು ಕೇಳಿ ತೆಗೆದುಕೊಂಡು ತಿರುವಿದೆ. ಹಿಂದಿನ ವರ್ಷ ಯಾರೋ ಓದಿ ಬಿಟ್ಟದ್ದು. ಪುಟದ ಅಂಚಿನಲ್ಲಿ ಪೆನ್ಸಿಲಿನ ಗುರುತುಗಳು: ಇಲ್ಲಿಂದ ಇಲ್ಲಿಗೆ ಪ್ರ. 1, ಅಲ್ಲಿಂದ ಅಲ್ಲಿಗೆ ಪ್ರ. 4. ನನ್ನ ಪುಸ್ತಕಗಳೂ ಹೀಗೇ ಇದ್ದವು, ನಿಮ್ಮವೂ ಇದ್ದಿರಬೇಕು. ಉತ್ತರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾದ ಮೇಲೆ ಪಾಠ ಓದುವ ಕೆಲಸವೇ ಉಳಿಯುವುದಿಲ್ಲ. “ಬಿಟ್ಟ ಸ್ಥಳ ತುಂಬಿರಿ” ಎಂಬುದಕ್ಕೆ ಕಣ್ಣು ಸಾಕು. “ಯಾರು ಯಾರಿಗೆ ಹೇಳಿದರು” ಎಂಬ ಪ್ರಶ್ನೆಯನ್ನು ನಾನು ಅಷ್ಟು ಹಗುರವಾಗಿ ತಳ್ಳಿಹಾಕಲಾರೆ. ಅದರ ಮುಂದೆ “ಯಾಕೆ ಹೇಳಿದರು” ಎಂಬ ಎರಡು ಪದ ಸೇರಿಸಿದರೆ ಪೆನ್ಸಿಲಿನ ಗುರುತು ಕೆಲಸಕ್ಕೆ ಬರುವುದಿಲ್ಲ.

ಆ ಎರಡು ಪದ ಸೇರಿಸುವ ಕೆಲಸ ನಡೆಯುತ್ತಿದ್ದದ್ದು ಐದನೆಯ ತರಗತಿಯಲ್ಲಿ. ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಮಿಸ್ಸು ತಾವೇ ಬರೆದ ಗದ್ಯಭಾಗ ಇತ್ತು. ಇಷ್ಟೇ:

“ಗೌರಿ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಬಂದಳು. ಅವಳ ಮುಂದೆ ಮೂವರಿದ್ದರು. ತನ್ನ ಸರದಿ ಬಂದಾಗ ಅವಳು ಹಿಂದೆ ಸರಿದು, ಬೇರೆಯವರಿಗೆ ಜಾಗ ಬಿಟ್ಟಳು. ಎಲ್ಲರೂ ಹೋದ ಮೇಲೆ ಕ್ಯಾನು ಮುಂದಿಟ್ಟಳು. ಡಿಗ್ರಿ ನೋಡಿದವರು ತಲೆ ಎತ್ತಿದರು. ‘ಹಸು ಚೆನ್ನಾಗಿದೆಯಾ ಗೌರಿ?’ ಎಂದು ಕೇಳಿದರು. ಗೌರಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು.”

ಒಬ್ಬಳು ಗಟ್ಟಿಯಾಗಿ ಓದಿದಳು, ತಡವರಿಸದೆ. ದೇಶದ ಹಳ್ಳಿಗಳಲ್ಲಿ 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯಲ್ಲಿ ಮಕ್ಕಳ ಕೈಗೆ ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ಪುಟ್ಟ ಭಾಗ, ಎರಡನೆಯ ತರಗತಿಯ ಮಟ್ಟದ ಕತೆ ಕೊಟ್ಟು ಓದಿಸುತ್ತಾರೆ. ಈ ಹುಡುಗಿ ಅದನ್ನು ಆರಾಮವಾಗಿ ದಾಟುತ್ತಾಳೆ. ದಾಟಿದ ಮೇಲೆ ಏನು ಎಂಬುದೇ ಈ ಕೊಠಡಿಯ ವಿಷಯ.

ಮೊದಲ ಪ್ರಶ್ನೆ ನಾನು ನಿರೀಕ್ಷಿಸದೇ ಇದ್ದದ್ದು. “ಡಿಗ್ರಿ ನೋಡಿದವರು ಎಷ್ಟು ಜನ?” ಮೂವರು ಅಂದ ಒಬ್ಬ, ಮೇಲಿನ ಸಾಲಿನ ಮೂವರನ್ನು ನೆನೆದು. ಇನ್ನೊಬ್ಬಳು ಎದ್ದು ನಿಂತು, “ಒಬ್ರೇ ಮಿಸ್. ಲ್ಯಾಕ್ಟೋಮೀಟರ್ ಒಬ್ರೇ ನೋಡೋದು. ದೊಡ್ಡೋರು ಅಂತ ‘ರು’ ಹಾಕವ್ರ” ಎಂದಳು. ನಾವು ದೊಡ್ಡವರು ಕನ್ನಡ ಓದುವಾಗ ಈ ಲೆಕ್ಕವನ್ನು ಪುಟಕ್ಕೆ ಹತ್ತು ಸಲ ಮಾಡುತ್ತೇವೆ. ಬಂದವರು ಹಲವರೋ, ಗೌರವದ ಒಬ್ಬರೋ ಎಂದು ಸುತ್ತಲಿನ ಮಾತು ನೋಡಿ ತೀರ್ಮಾನಿಸುತ್ತೇವೆ. ಮಾಡುತ್ತಿದ್ದೇವೆ ಎಂಬುದು ನಮಗೇ ತಿಳಿಯುವುದಿಲ್ಲ.

ಆಮೇಲೆ ಮಿಸ್ಸು ಹಲಗೆಯ ಮೇಲೆ ಮೂರು ಕಂಬಸಾಲು ಎಳೆದರು. ಓದಿದ್ದು, ಗೊತ್ತಿದ್ದದ್ದು, ಹೊಳೆದದ್ದು. “ಗೌರಿ ಯಾಕ ಹಿಂದ ಸರಿದ್ಳು?”

“ನೀರ್ ಬೆರ್ಸವ್ಳ ಮಿಸ್.” ತರಗತಿಯ ಅರ್ಧಕ್ಕೆ ಅರ್ಧ ಕೂಗಿತು. ಅದು ಹೊಳೆದದ್ದರ ಸಾಲಿಗೆ ಹೋಯಿತು. “ಎಲ್ಲದ? ತೋರ್ಸು.” ಕೂಗಿದವರಲ್ಲಿ ಒಬ್ಬ ಹಾಳೆಯ ಬಳಿ ಹೋಗಿ ‘ಡಿಗ್ರಿ ನೋಡಿದವರು ತಲೆ ಎತ್ತಿದರು’ ಎಂಬಲ್ಲಿ ಬೆರಳಿಟ್ಟ. ಅದು ಓದಿದ್ದು. ನೀರು ಸೇರಿದರೆ ಡಿಗ್ರಿ ಇಳಿಯುತ್ತದೆ; ಅದು ಗೊತ್ತಿದ್ದದ್ದು. ಮೂರೂ ಸಾಲು ತುಂಬಿದವು. ಪಾಠ ಮುಗಿಯಿತು ಅಂದುಕೊಂಡು ನಾನು ಪುಸ್ತಕ ಮುಚ್ಚುವವನಿದ್ದೆ.

ಆಗ ಕಿಟಕಿಯ ಪಕ್ಕದ ಹುಡುಗ, “ನೀರು ಹಾಕಿಲ್ಲ. ಹಸುಗ ಕೆಚ್ಚಲು ಬಾವು” ಎಂದ. ಎಲ್ಲರೂ ನಕ್ಕರು. ಮಿಸ್ಸು ನಗಲಿಲ್ಲ, ಅದೇ “ಎಲ್ಲದ?” ಅಂದರು. ಅವನು ‘ಹಸು ಚೆನ್ನಾಗಿದೆಯಾ’ ಎಂಬುದನ್ನು ತೋರಿಸಿದ. ಹಾಲು ಕೆಟ್ಟರೂ ಡಿಗ್ರಿ ಏರುಪೇರಾಗುತ್ತದೆ, ಅವರ ಮನೆಯಲ್ಲಿ ಆಗಿತ್ತಂತೆ. ಹಾಗಾದರೆ ಅವಳು ಹಿಂದೆ ಯಾಕೆ ಸರಿಯಬೇಕು, ತಪ್ಪು ಮಾಡದವಳು? “ಹಾಲು ವಾಪಸ್ ಮಾಡ್ತಾರ ಅಂತ ಹೆದ್ರಿಕ. ಎಲ್ರ ಮುಂದ ಅಂದ್ರ ಮಾನ ಹೋಯ್ತದ.” ಇದೂ ನಿಂತಿತು. ಇನ್ನೊಬ್ಬಳು ಮೂರನೆಯದನ್ನು ತಂದಳು: ನೀರು ಹಾಕಿದ್ದು ಅವಳ ಅವ್ವ ಇರಬಹುದು, ಗೌರಿ ಬರೀ ತಂದವಳು; ಕಂಡಿದ್ದಾಳೆ, ಹೇಳಲಾರಳು. ನಾಲ್ಕನೆಯವನು ಗೌರಿಗೆ ಹೊಟ್ಟೆನೋವು ಅಂದ. “ಎಲ್ಲದ?” ಹಾಳೆಯನ್ನು ಮೇಲಿಂದ ಕೆಳಕ್ಕೆ ಹುಡುಕಿ, ಸಿಗದೆ, ತಾನೇ ಹೋಗಿ ಹಲಗೆಯಿಂದ ಅಳಿಸಿದ.

ನನಗೆ ಈ ಅಳಿಸುವಿಕೆಯೇ ಇಡೀ ಪಾಠದ ಬೆಲೆಯುಳ್ಳ ಭಾಗ ಅನ್ನಿಸಿತು. ಊಹೆ ಮಾಡುವುದನ್ನು ಈ ಮಕ್ಕಳಿಗೆ ಕಲಿಸಬೇಕಾಗಿಲ್ಲ. ಅಪ್ಪ ಚಪ್ಪಲಿ ಬಿಟ್ಟ ಸದ್ದಿನಲ್ಲೇ ಇವತ್ತು ದುಡ್ಡು ಕೇಳಬಹುದೇ ಬೇಡವೇ ಎಂದು ತಿಳಿಯುವವರು ಇವರು. ಅಜ್ಜಿಯ ಒಗಟು ಬಿಡಿಸಿದವರು. ಇಲ್ಲಿ ಕಲಿಸುತ್ತಿದ್ದದ್ದು ಎರಡೇ: ಪುಟದ ಮುಂದೆಯೂ ಆ ಬುದ್ಧಿಯನ್ನು ಹೊರತೆಗೆಯಬಹುದು ಎಂಬ ಧೈರ್ಯ, ತೆಗೆದ ಮೇಲೆ ಅದಕ್ಕೆ ಪುಟದಲ್ಲೇ ಸಾಕ್ಷಿ ಹುಡುಕುವ ಶಿಸ್ತು. ಮೂರು ಉತ್ತರಗಳಲ್ಲಿ ಯಾವುದು ಸರಿ ಎಂದು ಮಿಸ್ಸು ಕೊನೆಗೂ ಹೇಳಲಿಲ್ಲ. ನಾನು ಆಮೇಲೆ ಕೇಳಿದಾಗ, “ಬರೆಯುವಾಗ ನೀರು ಅಂತಲೇ ಬರೆದಿದ್ದೆ. ಈಗ ಗೊತ್ತಿಲ್ಲ ಸಾರ್” ಎಂದು ನಕ್ಕರು. ಆದರೂ ಒಂದು ಅನುಮಾನ ನನ್ನಲ್ಲಿ ಉಳಿಯಿತು. ಕೂಗಿದವರು ಹತ್ತು ಮಂದಿ. ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತ ಇಬ್ಬರು ಗೌರಿಯ ಬಗ್ಗೆ ಏನಂದುಕೊಂಡರೋ, ಅಥವಾ ಮಿಸ್ಸಿನ ಮುಖ ನೋಡಿ ಉತ್ತರ ಊಹಿಸುತ್ತಿದ್ದರೋ, ನಾನು ಕೂತ ಜಾಗದಿಂದ ಕಾಣಲಿಲ್ಲ.

ಅಂಥ ಮಕ್ಕಳ ಬಗ್ಗೆ ಇಂಗ್ಲೆಂಡಿನ ಇಬ್ಬರು ಸಂಶೋಧಕಿಯರು 1988ರಲ್ಲಿ ಪ್ರಕಟಿಸಿದ ಕೆಲಸವೊಂದಿದೆ. ಸರಾಗವಾಗಿ ಓದುವ, ಆದರೆ ಓದಿದ್ದು ಅರ್ಥವಾಗದ ಏಳೆಂಟು ವರ್ಷದ ಮಕ್ಕಳಿಗೆ ಸುಳಿವಿನ ಪದಗಳನ್ನು ಹಿಡಿಯುವುದನ್ನೂ ಪಾಠಕ್ಕೆ ತಾವೇ ಪ್ರಶ್ನೆ ಹಾಕುವುದನ್ನೂ ಕೆಲವೇ ತರಗತಿಗಳಲ್ಲಿ ಅಭ್ಯಾಸ ಮಾಡಿಸಿದರು. ಅವರ ಗ್ರಹಿಕೆ ಚೆನ್ನಾಗಿಯೇ ಮೇಲೆದ್ದಿತು. ಮೊದಲೇ ಅರ್ಥಮಾಡಿಕೊಂಡು ಓದುತ್ತಿದ್ದವರಿಗೆ ಅಷ್ಟು ಲಾಭವಾಗಲಿಲ್ಲ. ಅಂದರೆ ಈ ಕಸರತ್ತು ಕೂಗುವವರಿಗಿಂತ ಕೈಕಟ್ಟಿ ಕೂತವರಿಗೇ ಹೆಚ್ಚು ಬೇಕು.

ಗ್ರಂಥಾಲಯದ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ದಾರಕ್ಕೆ ಕ್ಲಿಪ್ಪು ಹಾಕಿ ತೂಗಿಬಿಟ್ಟ ಪುಟ್ಟ ಪುಸ್ತಕಗಳು, ಕಪಾಟಿನಲ್ಲಿ ದಪ್ಪ ಪುಸ್ತಕಗಳು. ತೂಗಿದವು ಮುದುಡಿದ್ದವು, ಕಪಾಟಿನವು ಹೊಸದಾಗಿದ್ದವು.

ಅದರಾಚೆ ಏಳನೆಯ ತರಗತಿ. ಮೇಷ್ಟರೂ ಅದೇ ಮೂರು ಸಾಲು ಎಳೆದಿದ್ದರು; ಇಬ್ಬರೂ ಮಾತಾಡಿಕೊಂಡೇ ಮಾಡುತ್ತಿರಬೇಕು. ಇಲ್ಲಿನ ಹಾಳೆಯಲ್ಲಿ ಒಂದು ದೋಣಿ. “ದೋಣಿಯ ಹಗ್ಗ ಗೂಟಕ್ಕೆ ಕಟ್ಟಿದಂತೆಯೇ ಇತ್ತು. ಮಧ್ಯಾಹ್ನ ನೋಡಿದಾಗ ದೋಣಿ ಒದ್ದೆ ಮರಳಿನ ಮೇಲೆ ಕೂತಿತ್ತು.” ಮುಂದಿನದಕ್ಕೆ ಕಾಗದ ಮುಚ್ಚಿತ್ತು. ಏನಾಗಿರಬಹುದು?

“ಕೆರೆ ಬತ್ತೋಗದ ಸಾ.” ಓದಿದ್ದು ಮರಳು, ಗೊತ್ತಿದ್ದದ್ದು ಬೇಸಿಗೆ, ಹೊಳೆದದ್ದು ಬತ್ತಿದ ಕೆರೆ. ಮೇಷ್ಟರು ಕಾಗದವನ್ನು ಒಂದು ಸಾಲು ಕೆಳಗೆ ಸರಿಸಿದರು: “ಸಂಜೆ ಆರಕ್ಕೆ ಮತ್ತೆ ನೀರು ತುಂಬಿ ದೋಣಿ ತೇಲಿತು. ಮಳೆ ಬಂದಿರಲಿಲ್ಲ.” ಒಂದು ಕ್ಷಣ ಗೊಂದಲ. ಆಮೇಲೆ ಮೂರು ನಾಲ್ಕು ಕಡೆಯಿಂದ ಒಂದೇ ಉತ್ತರ: “ನಾಲೆ ಬುಟ್ಟವ್ರ.”

ಕಬಿನಿ ನಾಲೆಯ ನೀರು ಬಿಡುವ ದಿನ ಎಣಿಸಿ ನಾಟಿ ಮಾಡುವ ಸೀಮೆಯ ಮಕ್ಕಳು ಇನ್ನೇನು ಹೇಳಬೇಕು? ತರ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಇದನ್ನು ಓದಿದ ಕುಂದಾಪುರದ ಮಗು ಇದಕ್ಕಿಂತ ಜಾಣನೇನಲ್ಲ, ಅದು ಸಮುದ್ರ ಕಂಡಿದೆ ಅಷ್ಟೆ. ಅದೇ 1988ರಲ್ಲಿ ಅಮೆರಿಕದಲ್ಲಿ 64 ಶಾಲಾಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಿಸಿ, ಪುಟ್ಟ ಮೈದಾನದ ಮಾದರಿಯಲ್ಲಿ ಗೊಂಬೆ ಸರಿಸಿ ನಡೆದದ್ದನ್ನು ತೋರಿಸಲು ಹೇಳಿದ್ದರು. ಓದಿನಲ್ಲಿ ಹಿಂದುಳಿದಿದ್ದರೂ ಆಟ ಬಲ್ಲವರು, ಚೆನ್ನಾಗಿ ಓದುವ ಆದರೆ ಆಟ ತಿಳಿಯದವರನ್ನು ಹಿಂದೆ ಹಾಕಿದರು. ಗೌರಿಯ ಪಾಠದಲ್ಲಿ ಕುದೇರಿನ ಮಕ್ಕಳು ಆಟ ಬಲ್ಲವರು. ದೋಣಿಯ ಪಾಠದಲ್ಲಿ ಅಲ್ಲ. “ಎಲ್ಲದ, ತೋರ್ಸು” ಎಂದು ಎಷ್ಟು ಸಲ ಕೇಳಿದರೂ ಉಬ್ಬರವಿಳಿತ ಹಾಳೆಯೊಳಗಿನಿಂದ ಎದ್ದು ಬರುವುದಿಲ್ಲ.

ಮೇಷ್ಟರು ಅಲ್ಲಿ ಪ್ರಶ್ನೆ ನಿಲ್ಲಿಸಿದರು. ನಾಲೆ ಅಂದವರನ್ನು ತಪ್ಪು ಅನ್ನಲಿಲ್ಲ, ಆ ಉತ್ತರವನ್ನು ಹಲಗೆಯ ಮೇಲೇ ಉಳಿಸಿ, ಸಮುದ್ರದ ನೀರು ಚಂದ್ರನ ಸೆಳೆತಕ್ಕೆ ಏರಿ ಇಳಿಯುವುದನ್ನು ನೇರವಾಗಿ ಹೇಳಿದರು. ಗೊತ್ತಿದ್ದದ್ದು ಎಂಬ ಸಾಲಿಗೆ ಹೊಸದೊಂದು ಸೇರಿತು: ನೀರು ಏರಿ, ಇಳಿದು, ಮತ್ತೆ ಏರಲು ಹೆಚ್ಚೂಕಡಿಮೆ ಹನ್ನೆರಡೂವರೆ ಗಂಟೆ.

ಒಬ್ಬ ಹುಡುಗಿ ಬೆರಳು ಮಡಿಸಿ ಎಣಿಸತೊಡಗಿದಳು. “ಹಂಗಾರ ಸಾ, ಸಂಜೆ ಆರಕ್ಕ ತುಂಬುದ್ರ, ಮತ್ತ ಬೆಳಿಗ್ಗೆ ಆರೂವರೆಗ. ಮೀನಿಗ ಹೋಗೋರು ಅದಕ್ಕೂ ಮುಂಚೇನೇ ಎದ್ದು ಬರ್ಬೇಕು.” ಮೇಷ್ಟರು ಕಾಗದವನ್ನು ಪೂರ್ತಿ ತೆಗೆದರು. ಕೊನೆಯ ಸಾಲಿನಲ್ಲಿ, ಇನ್ನೂ ಕತ್ತಲಿರುವಾಗಲೇ ಮೀನುಗಾರರು ಬಲೆ ಹೊತ್ತು ಬಂದರು ಎಂದಿತ್ತು. ಅವಳು ಅದನ್ನು ಓದಿ, ಆಗಲೇ ಗೊತ್ತಿತ್ತು ಎಂಬಂತೆ ಕೂತಳು. ಪಕ್ಕದವನು ಮಾತ್ರ ಬಿಡಲಿಲ್ಲ: “ನಾಲೆಗ ಯಾಕ ಚಂದ್ರ ಎಳಿಯಲ್ಲ ಸಾ?”