ವೀಸಾ ಇನ್ನೂ ಇದೆ, ಪಾಸ್‌ಪೋರ್ಟ್ ಮುಗಿಯುತ್ತಿದೆ

ತೀರ್ಥಹಳ್ಳಿ, ಹೊಸನಗರ, ಸಾಗರ, ಈ ಮೂರು ತಾಲ್ಲೂಕುಗಳ ಯಾವ ಜಮಾಅತ್‌ಗೆ ಹೋದರೂ ಗಲ್ಫ್‌ನಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಮನೆಗಳು ಸಿಗುತ್ತವೆ. ರಜೆಗೆ ಬಂದವರು ಜುಮಾ ನಮಾಜ್ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ: “ಇಖಾಮಾ ಇನ್ನೂ ಒಂದು ವರ್ಷ ಇದೆ. ಪಾಸ್‌ಪೋರ್ಟ್ ಮೂರೇ ತಿಂಗಳಲ್ಲಿ ಮುಗಿಯುತ್ತದೆ. ಹೊಸದು ಮಾಡಿಸಿದರೆ ವೀಸಾ ಹೋಗಿಬಿಡುತ್ತದಾ?”

ಹೋಗುವುದಿಲ್ಲ. ಪಾಸ್‌ಪೋರ್ಟ್ ಕೊಡುವುದು ಭಾರತ ಸರ್ಕಾರ, ವಾಸದ ಪರವಾನಗಿ ಕೊಡುವುದು ಆ ದೇಶದ ಸರ್ಕಾರ. ಹಳೆಯ ಪುಸ್ತಕ ರದ್ದಾದರೆ ಪರವಾನಗಿ ತಾನಾಗಿ ರದ್ದಾಗುವುದಿಲ್ಲ. ಕೆಲಸ ಕಳೆದುಕೊಳ್ಳುವವರು ಪಾಸ್‌ಪೋರ್ಟ್ ಹೊಸದು ಮಾಡಿಸಿದ್ದಕ್ಕೆ ಕಳೆದುಕೊಳ್ಳುವುದಿಲ್ಲ. ತಡವಾಗಿ ಮಾಡಿಸಿದ್ದಕ್ಕೆ, ಮಾಡಿಸುವಾಗ ಹೆಸರು ಬದಲಿಸಿದ್ದಕ್ಕೆ, ಅಥವಾ ಹೊಸ ನಂಬರನ್ನು ಅಲ್ಲಿನ ದಾಖಲೆಗೆ ಸೇರಿಸದೆ ಇದ್ದುದಕ್ಕೆ ಕಳೆದುಕೊಳ್ಳುತ್ತಾರೆ.

ನಾವು ‘ರಿನ್ಯೂವಲ್’ ಎನ್ನುವುದನ್ನು ಕಚೇರಿಯವರು ‘ರೀ-ಇಶ್ಯೂ’ ಎನ್ನುತ್ತಾರೆ. ಡ್ರೈವಿಂಗ್ ಲೈಸೆನ್ಸ್‌ನ ಹಾಗೆ ಅದೇ ನಂಬರಿಗೆ ಅವಧಿ ಮುಂದುವರಿಯುವುದಿಲ್ಲ, ಹೊಸ ಪುಸ್ತಕ ಹೊಸ ನಂಬರಿನೊಂದಿಗೆ ಬರುತ್ತದೆ. ದೊಡ್ಡವರ ಪಾಸ್‌ಪೋರ್ಟ್‌ಗೆ 10 ವರ್ಷ, ಮಕ್ಕಳದ್ದಕ್ಕೆ ಸಾಮಾನ್ಯವಾಗಿ 5 ವರ್ಷ ಅವಧಿ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು. ಹಳೆಯ ಪುಸ್ತಕಕ್ಕೆ ರದ್ದತಿಯ ಮುದ್ರೆ ಒತ್ತಿ ವಾಪಸು ಕೊಡುತ್ತಾರೆ. ಅದರಲ್ಲಿ ಅವಧಿ ಇರುವ ವೀಸಾ ಇದ್ದರೆ ಆ ವೀಸಾಕ್ಕೆ ಬೆಲೆ ಇದ್ದೇ ಇರುತ್ತದೆ. ಹೊಸ ಪುಸ್ತಕದ ಕೊನೆಯ ಪುಟದಲ್ಲಿ ಹಳೆಯ ಪಾಸ್‌ಪೋರ್ಟ್‌ನ ನಂಬರು, ಕೊಟ್ಟ ದಿನಾಂಕ, ಸ್ಥಳ ಅಚ್ಚಾಗಿರುತ್ತವೆ. ಎರಡು ಪುಸ್ತಕಗಳಿಗೆ ಇರುವ ಕೊಂಡಿ ಅದು. ಅಮೆರಿಕದ ವೀಸಾ ಹಳೆಯ ಪುಸ್ತಕದಲ್ಲಿದ್ದವರು ಎರಡನ್ನೂ ಹಿಡಿದುಕೊಂಡು ಹೋಗುತ್ತಾರೆ, ಅದಕ್ಕೆ ತಕರಾರಿಲ್ಲ.

ಗಲ್ಫ್‌ನ ವಿಷಯ ಸ್ವಲ್ಪ ಬೇರೆ. ಮೊದಲು ಅಲ್ಲಿಯೂ ಪುಸ್ತಕದೊಳಗೆ ಸ್ಟಿಕ್ಕರ್ ಅಂಟಿಸುತ್ತಿದ್ದರು. ಕುವೈತ್ 2019ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿತು, ಯುಎಇ 2022ರ ಏಪ್ರಿಲ್‌ನಲ್ಲಿ. ಈಗ ಸಿವಿಲ್ ಐಡಿ, ಎಮಿರೇಟ್ಸ್ ಐಡಿ ಕಾರ್ಡುಗಳೇ ವಾಸದ ಪರವಾನಗಿಯ ಗುರುತು. ಸೌದಿಯಲ್ಲಿ ಎಲ್ಲವೂ ಇಖಾಮಾ ನಂಬರಿಗೆ ಅಂಟಿಕೊಂಡಿದೆ. ಹಾಗಾಗಿ “ವೀಸಾ ಯಾವ ಪುಸ್ತಕದಲ್ಲಿದೆ” ಎಂಬುದಕ್ಕಿಂತ “ಅವರ ಕಂಪ್ಯೂಟರಿನಲ್ಲಿ ನಿಮ್ಮ ಯಾವ ಪಾಸ್‌ಪೋರ್ಟ್ ನಂಬರು ಇದೆ” ಎಂಬುದು ಮುಖ್ಯವಾಗಿದೆ.

ಸೌದಿಯಲ್ಲಿರುವಾಗಲೇ ಹೊಸ ಪಾಸ್‌ಪೋರ್ಟ್ ಪಡೆದವರು ಹೊಸ ನಂಬರನ್ನು ಜವಾಝಾತ್ ದಾಖಲೆಗೆ ಸೇರಿಸಿಸಬೇಕು. ಇದಕ್ಕೆ ‘ನಕಲ್ ಮಾಲೂಮಾತ್’ ಎನ್ನುತ್ತಾರೆ. ಕಂಪನಿಯವರು ಮುಖೀಮ್‌ನಲ್ಲಿ, ಮನೆಗೆಲಸದವರಿಗೆ ಕಫೀಲನು ಅಬ್ಶಿರ್‌ನಲ್ಲಿ ಮಾಡಿಕೊಡುತ್ತಾರೆ. ಕೆಲವೇ ನಿಮಿಷದ ಕೆಲಸ. ಆದರೆ ಅದನ್ನು ಮಾಡುವ ಅಧಿಕಾರ ನಿಮ್ಮ ಕೈಯಲ್ಲಿಲ್ಲ, ಅವರ ಕೈಯಲ್ಲಿದೆ. ಆದ್ದರಿಂದ ಹೊಸ ಪುಸ್ತಕ ಕೈಗೆ ಬಂದ ವಾರವೇ ಹೇಳಿ ಮಾಡಿಸಿಕೊಳ್ಳಿ, ಊರಿಗೆ ಹೊರಡುವ ಹಿಂದಿನ ದಿನ ಅಲ್ಲ. ಎಕ್ಸಿಟ್ ರೀ-ಎಂಟ್ರಿ ಹೊಡೆಸಬೇಕಾದರೆ ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ 90 ದಿನ ಬಾಕಿ ಇರಬೇಕೆಂಬ ನಿಯಮವೂ ಅಲ್ಲಿದೆ. ಯುಎಇಯಲ್ಲಿ ಇದೇ ಕೆಲಸವನ್ನು ಫೆಡರಲ್ ಪ್ರಾಧಿಕಾರ ಐಸಿಪಿ, ದುಬೈ ವೀಸಾದವರಿಗೆ ಜಿಡಿಆರ್‌ಎಫ್‌ಎ ಮಾಡುತ್ತವೆ.

ಎಲ್ಲಿ ಮಾಡಿಸುವುದು ಒಳ್ಳೆಯದು, ಅಲ್ಲೋ ಊರಲ್ಲೋ? ನನ್ನ ಅಭಿಪ್ರಾಯದಲ್ಲಿ ಅಲ್ಲಿಯೇ. ರಿಯಾದ್‌ನ ರಾಯಭಾರ ಕಚೇರಿ, ಜಿದ್ದಾ ಮತ್ತು ದುಬೈನ ದೂತಾವಾಸಗಳು ಏಜೆನ್ಸಿಗಳ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ. ಸ್ವಲ್ಪ ತಡವಾದರೂ ನೀವು ಕೆಲಸದಲ್ಲಿಯೇ ಇರುತ್ತೀರಿ, ಸಂಬಳ ನಿಲ್ಲುವುದಿಲ್ಲ, ನಂಬರು ಬದಲಾವಣೆಯೂ ಅಲ್ಲೇ ಮುಗಿಯುತ್ತದೆ. ಊರಿಗೆ ಬಂದು ಮಾಡಿಸುವವರಿಗೆ ರಜೆಯ ದಿನ ಎಣಿಕೆಯಲ್ಲಿರುತ್ತದೆ. ಅರವತ್ತು ದಿನದ ರೀ-ಎಂಟ್ರಿ ಹೊಡೆಸಿಕೊಂಡು ಬಂದವರು ಮನೆ ರಿಪೇರಿ, ತಂಗಿಯ ನಿಕಾಹ್, ಬಂಧುಗಳ ಭೇಟಿ ಎಂದು ಮೊದಲ ತಿಂಗಳು ಕಳೆದು ಎರಡನೆಯ ತಿಂಗಳಲ್ಲಿ ಪಾಸ್‌ಪೋರ್ಟ್ ನೆನಪು ಮಾಡಿಕೊಂಡರೆ ಕಷ್ಟ. ಕುವೈತ್, ಯುಎಇಗಳಲ್ಲಿ ಸಾಮಾನ್ಯ ವಾಸದ ಪರವಾನಗಿಯವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಪರವಾನಗಿಯೇ ಬಿದ್ದುಹೋಗುತ್ತದೆ.

ಇನ್ನೂ ಕೆಲವರಿಗೆ ತಮ್ಮ ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ ಎಂಬುದೇ ತಿಳಿದಿರುವುದಿಲ್ಲ, ಪುಸ್ತಕ ಕಂಪನಿಯ ಬೀರುವಿನಲ್ಲಿರುತ್ತದೆ. ಕೆಲಸಗಾರನ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ ಎಂದು ಸೌದಿಯ ಕಾನೂನೂ ಯುಎಇಯ ಕಾನೂನೂ ಹೇಳುತ್ತವೆ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು. ಅದನ್ನು ಕೇಳಿ ಪಡೆಯಲು ಆಗದಿದ್ದರೂ ಮೊದಲ ಮತ್ತು ಕೊನೆಯ ಪುಟದ ಫೋಟೊ ಮೊಬೈಲ್‌ನಲ್ಲಿ ಇರಲಿ, ಇನ್ನೊಂದು ಪ್ರತಿ ಮನೆಯಲ್ಲಿರಲಿ.

ಊರಿನಲ್ಲಿ ಮಾಡಿಸುವವರಿಗೆ ಈಗ ದಾರಿ ಹತ್ತಿರವಾಗಿದೆ. ಹಿಂದೆ ಇದಕ್ಕಾಗಿ ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕಿತ್ತು. ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರ ನಡೆಸುವ ಯೋಜನೆ 2017ರ ಜನವರಿಯಲ್ಲಿ ಮೈಸೂರಿನಲ್ಲಿ ಆರಂಭವಾಗಿ ಆಮೇಲೆ ಶಿವಮೊಗ್ಗಕ್ಕೂ ಬಂತು. 2018ರಿಂದ ದೇಶದ ಯಾವ ಕೇಂದ್ರದಲ್ಲಿ ಬೇಕಾದರೂ ಅರ್ಜಿ ಕೊಡಬಹುದು. ಶಿವಮೊಗ್ಗದಲ್ಲಿ ದಿನಾಂಕ ದೂರ ಇದ್ದರೆ ಮಂಗಳೂರು, ಹುಬ್ಬಳ್ಳಿ, ಬೆಂಗಳೂರು ನೋಡಿ. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000, ತತ್ಕಾಲ್ ಆದರೆ ಮೇಲೆ ಇನ್ನೂ 2,000. ಅರ್ಜಿ ಹಾಕುವಾಗ ಸರ್ಕಾರದ ಜಾಲತಾಣವೇ ಹೌದೇ ಎಂದು ನೋಡಿಕೊಳ್ಳಿ: ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್. ಅದರಂತೆಯೇ ಕಾಣುವ ನಕಲಿ ತಾಣಗಳು ಹಣ ಹೀರುತ್ತವೆ ಎಂದು ವಿದೇಶಾಂಗ ಸಚಿವಾಲಯ ಎಚ್ಚರಿಸುತ್ತಲೇ ಇದೆ.

ಪೊಲೀಸ್ ಪರಿಶೀಲನೆಯನ್ನು ಹಗುರವಾಗಿ ತೆಗೆದುಕೊಳ್ಳುವವರು ಬಹಳ. ರೀ-ಇಶ್ಯೂನಲ್ಲಿ ಕೆಲವೊಮ್ಮೆ ಪುಸ್ತಕ ಮೊದಲು ಬರುತ್ತದೆ, ಪರಿಶೀಲನೆ ಆಮೇಲೆ. ಪುಸ್ತಕ ಬಂತೆಂದು ಮರುದಿನವೇ ವಿಮಾನ ಹತ್ತಿದರೆ, ಠಾಣೆಯವರು ಮನೆಗೆ ಬಂದಾಗ ನೀವು ಇರುವುದಿಲ್ಲ. ‘ವಿಳಾಸದಲ್ಲಿ ಸಿಗಲಿಲ್ಲ’ ಎಂದು ವರದಿ ಹೋದರೆ ಪಾಸ್‌ಪೋರ್ಟ್ ಕಚೇರಿಯಿಂದ ವಿವರಣೆ ಕೇಳಿ ನೋಟಿಸ್ ಬರುತ್ತದೆ, ಅದನ್ನು ಬಿಡಿಸಿಕೊಳ್ಳುವುದು ದೂರದಿಂದ ಕಷ್ಟ. ಹೊರಡುವ ಮೊದಲು ಫೈಲ್ ನಂಬರು ಹಿಡಿದು ಠಾಣೆಗೆ ಹೋಗಿ ಮುಗಿಸಿಕೊಳ್ಳಿ.

ಈಗ ಹೆಸರಿನ ವಿಷಯ. ನಮ್ಮವರಿಗೆ ಇದರಷ್ಟು ತೊಂದರೆ ಕೊಡುವುದು ಬೇರೊಂದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪಾಸ್‌ಪೋರ್ಟ್‌ನಲ್ಲಿ ಎರಡೂ ಇಲ್ಲ. ಮೊಹಮ್ಮದ್ ಎಂಬ ಮುಬಾರಕ್ ಹೆಸರನ್ನೇ ಇಂಗ್ಲಿಷಿನಲ್ಲಿ ಒಂದು ಕಡೆ ‘ಒ’ ಹಾಕಿ, ಇನ್ನೊಂದು ಕಡೆ ‘ಯು’ ಹಾಕಿ, ಮತ್ತೊಂದು ಕಡೆ ಎರಡೇ ಅಕ್ಷರಕ್ಕೆ ಇಳಿಸಿ ಬರೆದಿರುತ್ತಾರೆ. ರಿನ್ಯೂ ಮಾಡಿಸುವಾಗ ಇದನ್ನೂ ಸರಿಮಾಡಿಬಿಡೋಣ ಎಂಬ ಆಸೆ ಸಹಜ. ಆದರೆ ಇಖಾಮಾ ಅಥವಾ ಎಮಿರೇಟ್ಸ್ ಐಡಿ ಜೀವಂತ ಇರುವಾಗ ಹೆಸರು, ಹುಟ್ಟಿದ ದಿನಾಂಕ ಮುಟ್ಟಬೇಡಿ ಎಂಬುದು ನನ್ನ ಸಲಹೆ. ಅಲ್ಲಿನ ದಾಖಲೆ ಹಳೆಯ ಹೆಸರಿನಲ್ಲಿ, ಕೈಯಲ್ಲಿರುವ ಪುಸ್ತಕ ಹೊಸ ಹೆಸರಿನಲ್ಲಿ ಎಂದಾದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನೀವು ಇಬ್ಬರು ಮನುಷ್ಯರಾಗುತ್ತೀರಿ. ತಿದ್ದಲೇಬೇಕಾದರೆ ಮೊದಲು ಕಂಪನಿಯೊಂದಿಗೆ ಮಾತಾಡಿ, ಅಲ್ಲಿಯೂ ತಿದ್ದಿಕೊಡುವುದಾಗಿ ಒಪ್ಪಿಸಿಕೊಂಡು, ಅಲ್ಲಿರುವಾಗಲೇ ಮಾಡಿಸಿ.

ಇದಕ್ಕೆ ಪಕ್ಕದ ಒಂದು ಮಾತು. 2022ರ ನವೆಂಬರ್‌ನಿಂದ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇರುವವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದಿತು. ತಂದೆಯ ಅಥವಾ ಮನೆತನದ ಹೆಸರು ಎರಡನೆಯ ಪುಟದಲ್ಲಿದ್ದರೆ ಒಪ್ಪುವುದಾಗಿ ಬಳಿಕ ತಿಳಿಸಿತು. ವಾಸದ ಪರವಾನಗಿ ಇರುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಮಗನನ್ನು ನೋಡಲು ಹೋಗಬೇಕೆಂದಿರುವ ತಾಯಂದಿರ ಪಾಸ್‌ಪೋರ್ಟ್‌ನಲ್ಲಿ ಬರೀ ಒಂದು ಹೆಸರಿದ್ದರೆ ರಿನ್ಯೂ ಮಾಡಿಸುವಾಗ ಎರಡನ್ನಾಗಿ ಮಾಡಿಸುವುದು ಒಳ್ಳೆಯದೇ. ಅವರಿಗೆ ತಾಳೆಯಾಗಬೇಕಾದ ಇಖಾಮಾ ಇಲ್ಲವಲ್ಲ.

ನಿರಾತಂಕವಾಗಿ ಮಾಡಿಸಬಹುದಾದ ಬದಲಾವಣೆ ಇನ್ನೊಂದಿದೆ. ಹತ್ತನೇ ತರಗತಿ ಪಾಸಾಗಿದ್ದೂ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಎಂದು ಇದ್ದರೆ, ಅಂಕಪಟ್ಟಿ ತೋರಿಸಿ ತೆಗೆಸಿಕೊಳ್ಳಿ. ಮುಂದೆ ಕೆಲಸ ಬದಲಿಸಿ ಹೊಸ ವೀಸಾದಲ್ಲಿ ಹೋಗುವಾಗ ವಲಸೆ ಅನುಮತಿಯ ಓಡಾಟ ತಪ್ಪುತ್ತದೆ.

ಹೊಸದಾಗಿ ಹೋಗುವ ಯುವಕರು ಒಂದು ವಿಷಯ ಗಮನಿಸಬೇಕು. ವೀಸಾ ಬಂದಿದೆ, ಆದರೆ ಇನ್ನೂ ಅಲ್ಲಿಗೆ ಕಾಲಿಟ್ಟಿಲ್ಲ ಎನ್ನುವ ಹಂತದಲ್ಲಿ ಪಾಸ್‌ಪೋರ್ಟ್ ಬದಲಿಸಬಾರದು. 2023ರ ಮೇ ತಿಂಗಳಿಂದ ಸೌದಿ ವೀಸಾ ಸ್ಟಿಕ್ಕರ್ ಬದಲು ಕ್ಯೂಆರ್ ಕೋಡ್ ಇರುವ ಕಾಗದದಲ್ಲಿ ಬರುತ್ತಿದೆ, ಅದರಲ್ಲಿ ಪಾಸ್‌ಪೋರ್ಟ್ ನಂಬರು ಇರುತ್ತದೆ. ಇಖಾಮಾ ಇನ್ನೂ ಹುಟ್ಟಿಲ್ಲದ್ದರಿಂದ ಆ ನಂಬರೇ ನಿಮ್ಮ ಏಕೈಕ ಗುರುತು. ಅವಧಿ ಕಡಿಮೆ ಇದ್ದರೆ ವೀಸಾಕ್ಕೆ ಕೊಡುವ ಮೊದಲೇ ಹೊಸದು ಮಾಡಿಸಿ, ಏಕೆಂದರೆ ಆರು ತಿಂಗಳಿಗಿಂತ ಕಡಿಮೆ ಬಾಕಿ ಇರುವ ಪುಸ್ತಕವನ್ನು ಹೆಚ್ಚಿನ ಕಡೆ ಒಪ್ಪುವುದಿಲ್ಲ. ಉಮ್ರಾಕ್ಕೆ ಹೊರಡುವ ಹಿರಿಯರಿಗೂ ಇದೇ ಮಾತು.

ಹೇಳಲು ಹಿಂಜರಿಕೆಯಾದರೂ ಹೇಳಲೇಬೇಕಾದದ್ದು ಕೋರ್ಟ್ ಕೇಸುಗಳ ಬಗ್ಗೆ. ಊರಿನ ಹೊಡೆದಾಟ, ಬೈಕ್ ಅಪಘಾತ, ಮನೆಯೊಳಗಿನ ವಿವಾದ, ಪ್ರತಿಭಟನೆ, ಹೀಗೆ ಯಾವುದೋ ಒಂದರಲ್ಲಿ ಹೆಸರು ಸೇರಿರುತ್ತದೆ. ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಪ್ರಕಾರ ಕ್ರಿಮಿನಲ್ ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಬರೀ ಎಫ್‌ಐಆರ್ ಆಗಿದ್ದರೆ ಅಲ್ಲ, ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಂಡ ಮೇಲೆ. “ಕೇಸ್ ಇಲ್ಲ ಎಂದು ಟಿಕ್ ಹಾಕಿ, ಯಾರು ನೋಡುತ್ತಾರೆ” ಎನ್ನುವ ಏಜೆಂಟರಿದ್ದಾರೆ. ಪೊಲೀಸರು ನೋಡುತ್ತಾರೆ. ಮುಚ್ಚಿಡುವುದೇ ಅದೇ ಕಾಯ್ದೆಯ 12ನೇ ಕಲಮಿನಡಿ ಬೇರೆ ಅಪರಾಧ. ಸುಳ್ಳು ಸಾಕ್ಷ್ಯದ ಬಗ್ಗೆ ಮಿಂಬರ್‌ನಿಂದ ಕೇಳಿದ್ದು ಅರ್ಜಿಯ ಟಿಕ್ ಗುರುತಿಗೂ ಸಲ್ಲುತ್ತದೆ.

ಇದಕ್ಕೆ ನೇರ ದಾರಿಯೂ ಇದೆ. ಕೇಸ್ ನಡೆಯುವ ನ್ಯಾಯಾಲಯದಲ್ಲಿ ಅನುಮತಿ ಕೇಳಬಹುದು. 1993ರ ಆಗಸ್ಟ್ 25ರ ಕೇಂದ್ರ ಅಧಿಸೂಚನೆಯ ಪ್ರಕಾರ ನ್ಯಾಯಾಲಯ ಎಷ್ಟು ಅವಧಿಗೆ ಎಂದು ಹೇಳುತ್ತದೋ ಅಷ್ಟಕ್ಕೆ ಪಾಸ್‌ಪೋರ್ಟ್ ಸಿಗುತ್ತದೆ. ಆದೇಶದಲ್ಲಿ ಅವಧಿಯನ್ನೇ ಹೇಳದಿದ್ದರೆ ಸಿಗುವುದು ಒಂದೇ ವರ್ಷದ್ದು. ಒಂದು ವರ್ಷದ ಪುಸ್ತಕದಲ್ಲಿ ಆರು ತಿಂಗಳು ‘ಬಾಕಿ ಇರಬೇಕು’ ಎಂಬ ನಿಯಮಕ್ಕೇ ಹೋಗುತ್ತದೆ, ಉಳಿದದ್ದರಲ್ಲಿ ಗಲ್ಫ್ ಕೆಲಸ ಮಾಡುವುದು ಹೇಗೆ? ಆದ್ದರಿಂದ ವಕೀಲರಿಗೆ, ಅರ್ಜಿಯಲ್ಲಿಯೇ ಇಷ್ಟು ವರ್ಷದ ಅವಧಿ ಎಂದು ಬರೆದು ಕೇಳಿ ಎಂದು ಹೇಳಿ. ನಿಮ್ಮ ಇಖಾಮಾ, ಕೆಲಸದ ಕರಾರು ಪತ್ರಗಳ ಪ್ರತಿಯನ್ನೂ ಕೊಡಿ.

ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದಾದ್ದರಿಂದ ತಂದೆಯದ್ದಕ್ಕಿಂತ ಮೊದಲೇ ಮುಗಿಯುತ್ತದೆ, ಕುಟುಂಬ ವೀಸಾದಲ್ಲಿ ಹೋಗುವವರು ಎಲ್ಲರ ದಿನಾಂಕವನ್ನೂ ಬೇರೆಬೇರೆಯಾಗಿ ನೋಡಬೇಕು. ಮಗುವಿನ ಅರ್ಜಿಗೆ ತಂದೆತಾಯಿ ಇಬ್ಬರ ಒಪ್ಪಿಗೆ ಬೇಕು. ತಂದೆ ಅಲ್ಲಿ, ತಾಯಿ ಇಲ್ಲಿ ಇದ್ದರೆ ತಂದೆಯ ಒಪ್ಪಿಗೆಯನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಮೊದಲೇ ತರಿಸಿಟ್ಟುಕೊಳ್ಳಿ.

ಕೊನೆಗೆ ನಮ್ಮ ಮಳೆ. ಆಗುಂಬೆ ಸೀಮೆಯಲ್ಲಿ ಆಷಾಢದಲ್ಲಿ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ, ಪಾಸ್‌ಪೋರ್ಟ್‌ಗೂ ಹಿಡಿಯುತ್ತದೆ. ಪುಟ ಅಂಟಿಕೊಂಡು ಫೋಟೊ ಮಸುಕಾದ ಪುಸ್ತಕ ‘ಹಾಳಾದ ಪಾಸ್‌ಪೋರ್ಟ್’ ಎಂಬ ಬೇರೆ ವರ್ಗಕ್ಕೆ ಸೇರಿ ವಿಚಾರಣೆಗೆ ದಾರಿಯಾಗುತ್ತದೆ. ಹೊಸದು ಬಂತೆಂದು ಹಳೆಯದನ್ನು ಅಟ್ಟಕ್ಕೆ ಎಸೆಯಬೇಡಿ. ವೀಸಾ ಇರುವ ಹಳೆಯ ಪುಸ್ತಕ, ಹೊಸ ಪುಸ್ತಕ ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಣಗಿದ ಜಾಗದಲ್ಲಿಡಿ, ಪ್ರಯಾಣದ ದಿನ ಎರಡೂ ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಅಲ್ಲ.