ಬೆಂಕಿಪುರದ ಬೆಂಕಿ

ಗಂಗಾಮೂಲದಲ್ಲಿ ಹುಟ್ಟುವ ಭದ್ರೆಯು ಕೂಡಲಿಯಲ್ಲಿ ತುಂಗೆಯನ್ನು ಸೇರುವ ಮುನ್ನ ಊರೊಂದರ ನಡುವೆ ಹಾಯುತ್ತಾಳೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವುಳ್ಳ ಆ ಊರಿಗೆ ಹಿಂದೆ ಬೆಂಕಿಪುರವೆಂದು ಹೆಸರು. ಇಂದಿನ ಭದ್ರಾವತಿಯೇ ಅದು. ಹೊಸ ಹೆಸರು ನದಿಯದು. ಹಳೆಯದನ್ನು ಸಾರ್ಥಕಗೊಳಿಸಿದ್ದು ಕಬ್ಬಿಣದ ಕುಲುಮೆ.

ಮೈಸೂರು ಸಂಸ್ಥಾನವು ಕಾರ್ಖಾನೆಗೆ ಈ ಸ್ಥಳವನ್ನೇ ಆರಿಸಿದ್ದೇಕೆ? ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿತ್ತು, ನೀರು ಭದ್ರೆಯಲ್ಲಿತ್ತು. ಕಲ್ಲಿದ್ದಲಿನ ಕೊರತೆಯನ್ನು ಮಲೆನಾಡಿನ ಮರದ ಇದ್ದಿಲು ತುಂಬಿತು. 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಆರಂಭದ ಸಂಕಷ್ಟಗಳ ನಡುವೆ ಅದರ ಆಡಳಿತವನ್ನು ವಹಿಸಿಕೊಂಡು ಹದಕ್ಕೆ ತಂದವರು ಸರ್ ಎಂ. ವಿಶ್ವೇಶ್ವರಯ್ಯನವರು; ಕಾರ್ಖಾನೆಯು ಮುಂದೆ ಅವರ ಹೆಸರನ್ನೇ ಧರಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಸ್ಥಾಪಿತವಾಯಿತು. ಒಂದು ನದಿ, ಎರಡು ಕಾರ್ಖಾನೆ. ಊರಿನ ಅಂಗಡಿ, ಶಾಲೆ, ಮದುವೆಗಳೆಲ್ಲವೂ ಅಲ್ಲಿನ ಸಂಬಳವನ್ನೇ ನಂಬಿದ್ದವು.

ಆ ನಂಬಿಕೆಯೇ ಇಂದು ಊರಿನ ಚಿಂತೆ. ಕಾಗದದ ಯಂತ್ರಗಳು ಕಳೆದ ದಶಕದಲ್ಲಿ ಸ್ತಬ್ಧವಾದವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ಪ್ರಕಟವಾದಾಗ ಕಾರ್ಮಿಕರು ಧರಣಿ ಹೂಡಿದರು. ಅದೇ ವರ್ಷ ಕೆಲಸವು ಅಲ್ಪ ಪ್ರಮಾಣದಲ್ಲಿ ಮರಳಿ ಆರಂಭವಾಯಿತು.

ಭದ್ರೆಗೆ ಪ್ರತಿ ಮಳೆಗಾಲದಲ್ಲಿಯೂ ಹೊಸ ನೀರು ಬರುತ್ತದೆ. ಕುಲುಮೆಗೆ ಅಂಥ ಋತುವಿಲ್ಲ. ಅದರ ಬೆಂಕಿ ಆರಿದರೆ, ಎಷ್ಟೋ ಮನೆಗಳ ಒಲೆಗಳೂ ತಣ್ಣಗಾಗುತ್ತವೆ.