ಮಾಗಿಯ ಚಳಿಯೂ ಸಕ್ಕರೆಯ ಅಚ್ಚೂ

ಹಿಮ ಸುರಿಯುವ ನಾಡು ನಮ್ಮದಲ್ಲ. ಆದರೂ ಧನುರ್ಮಾಸದ ಮುಂಜಾವಿನಲ್ಲಿ ಹುಣಸೂರಿನ ಲಕ್ಷ್ಮಣತೀರ್ಥದ ಮೇಲೆ ಮಂಜು ಕವಿದಾಗ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹಳ್ಳಿಗರು ಕಂಬಳಿ ಹೊದ್ದು ಒಲೆಯ ಮುಂದೆ ಕುಳಿತಾಗ, ಮಾಗಿಯು ತನ್ನ ಬಿಗುವನ್ನು ತೋರದೆ ಬಿಡದು. ಕೃಷ್ಣರಾಜನಗರದ ಬಯಲಿನಲ್ಲಿ ಕಬ್ಬು ಬಲಿತು, ಚುಂಚನಕಟ್ಟೆಯ ದನಗಳ ಜಾತ್ರೆಯ ಮಾತು ಕೇಳಿಬರುವ ಆ ದಿನಗಳಲ್ಲಿಯೇ ನಮ್ಮ ಮನೆಯ ಅಟ್ಟದಿಂದ ಮರದ ಅಚ್ಚುಗಳ ಪೆಟ್ಟಿಗೆ ಕೆಳಗಿಳಿಯುತ್ತಿತ್ತು. ಸಂಕ್ರಾಂತಿಯ ಎಳ್ಳಿನೊಡನೆ ಬೀರಲು ಸಕ್ಕರೆ ಅಚ್ಚು ಸಿದ್ಧವಾಗಬೇಕಲ್ಲ!

ಪಾಕವು ಅಂಟದಿರಲೆಂದು ತಾಯಿ ಅಚ್ಚುಗಳನ್ನು ಮೊದಲು ನೀರಿನಲ್ಲಿ ನೆನೆಹಾಕುತ್ತಿದ್ದರು. ಸಕ್ಕರೆಗೆ ನೀರು ಬೆರೆಸಿ ಕಾಯಿಸಿ ತುಸು ಹಾಲು ಹಾಕಿದರೆ ಕಸವೆಲ್ಲ ನೊರೆಯೊಡನೆ ಮೇಲೇಳುವುದು. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಸ್ವಲ್ಪಸ್ವಲ್ಪವನ್ನೇ ಸಣ್ಣ ಪಾತ್ರೆಯಲ್ಲಿ ಮತ್ತೆ ಕಾಯಿಸುತ್ತ ಕೈಯಾಡಿಸಿದರೆ, ಅಂಚು ಬೆಳ್ಳಗಾಗುವ ಒಂದು ಗಳಿಗೆ ಬರುತ್ತದೆ. ಹೊಯ್ಯಬೇಕಾದುದು ಆಗ. ಮುಂಚೆ ಹೊಯ್ದರೆ ಗಟ್ಟಿಯಾಗದು. ತಡಮಾಡಿದರೆ ಪಾತ್ರೆಯಲ್ಲಿಯೇ ಕಲ್ಲಾಗುವುದು. ಆರಿದ ಮೇಲೆ ದಾರ ಬಿಚ್ಚಿ ಹೋಳುಗಳನ್ನು ಬಿಡಿಸಿದರೆ ಬೆರಳುದ್ದದ ಗಿಳಿ, ಆನೆ, ಮೀನು, ತುಲಸಿಕಟ್ಟೆ, ಗೋಪುರ! ಸೊಂಡಿಲು ಮುರಿದ ಆನೆ ಮಕ್ಕಳಾದ ನಮಗೆ; ಇಡಿಯ ಆನೆ ನೆರೆಮನೆಗೆ. ಈ ನ್ಯಾಯಕ್ಕೆ ಅಪೀಲಿರಲಿಲ್ಲ. ಆನೆ ಮುರಿಯಲೆಂದು ನಾವು ಒಳಗೊಳಗೇ ಹಾರೈಸುತ್ತಿದ್ದುದೂ ಉಂಟು.

ಆಲಂಕಾರಿಕರು ಕಾವ್ಯದಲ್ಲಿ ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕಗಳೆಂದು ಭೇದವೆಣಿಸಿದರು. ವರ್ಷವರ್ಷವೂ ತರಗತಿಯಲ್ಲಿ ಇದನ್ನು ಬಿಡಿಸಿ ಹೇಳುವ ನಾನು, ಪಾಕವೆಂಬುದು ಹದವನ್ನರಿತು ಕೈ ತಡೆಯುವ ವಿವೇಕವೆಂದು ಕಲಿತದ್ದು ಮಾತ್ರ ಆ ಒಲೆಯ ಮುಂದೆ.

ಚಳಿಗಾಲದ ಇಂಥ ಆಟ ನಮ್ಮದೊಂದೇ ಸೊತ್ತಲ್ಲ. ಹಿಮ ಬೀಳುವ ಜರ್ಮನಿಯಲ್ಲಿ ಕ್ರಿಸ್ಮಸ್ಸಿಗೆಂದು ಹಿಟ್ಟಿನ ಮೇಲೆ ಮರದ ಅಚ್ಚೊತ್ತಿ, ಚಿತ್ರ ಮೂಡಿಸಿ, ಸ್ಪ್ರಿಂಗರ್ಲೆ ಎಂಬ ಬಿಸ್ಕತ್ತು ಸುಡುತ್ತಾರೆ. ಹೊರಗಿನ ಚಳಿಗೆ ಬಾಗಿಲಿಕ್ಕಿ ಒಳಗೆ ಕುಳಿತ ಮನುಷ್ಯನಿಗೆ ಹೊಟ್ಟೆ ತುಂಬಿದರಷ್ಟೇ ಸಾಲದು. ತಿನ್ನುವ ಮುನ್ನ ಕಣ್ಣು ನಗಬೇಕು.

ಈಗ ಅಂಗಡಿಯಲ್ಲಿ ಸಕ್ಕರೆ ಅಚ್ಚು ತೂಕಕ್ಕೆ ಸಿಗುತ್ತದೆ. ತಾಯಿ ತೀರಿಕೊಂಡ ಮೇಲೆ ಕೆಲವು ವರ್ಷ ನಾವೂ ಕೊಂಡೇ ತಂದೆವು. ಕಳೆದ ಸಂಕ್ರಾಂತಿಗೆ ಮಗಳ ಹಟಕ್ಕೆ ಮಣಿದು ಪೆಟ್ಟಿಗೆ ಇಳಿಸಿದರೆ, ಗಿಳಿಯ ಅಚ್ಚಿನ ಒಂದು ಹೋಳು ಕಾಣೆ! ಇದ್ದ ಹೋಳಿನಲ್ಲಿ ಕೊಕ್ಕು, ಕಣ್ಣು, ರೆಕ್ಕೆಗಳೆಲ್ಲ ಇದ್ದುವು. ಪಾಕವನ್ನು ಹಿಡಿದು ನಿಲ್ಲಿಸಲು ಜೊತೆಯಿರಲಿಲ್ಲ. ಆನೆಯ ಜೋಡಿ ಸಿಕ್ಕಿತು. ಎರಡು ಬಾರಿ ಪಾಕ ಕೆಟ್ಟಿತು. ಮೂರನೆಯ ಬಾರಿ ಆನೆ ಎದ್ದಿತು, ಸೊಂಡಿಲು ಮಾತ್ರ ಅಚ್ಚಿನಲ್ಲಿಯೇ ಉಳಿಯಿತು. ಮಗಳು ಅದನ್ನೇ ತಟ್ಟೆಯ ನಡುವೆ ಇಟ್ಟು ಎಳ್ಳು ಬೀರಲು ಹೊರಟಳು. "ಮುರಿದದ್ದು ಮನೆಗೆ" ಎಂಬ ತಾಯಿಯ ಕಟ್ಟಳೆಯನ್ನು ಹೇಳಲು ಬಾಯಿ ತೆರೆದವನು ಸುಮ್ಮನಾದೆ.

ನಿಮ್ಮ ಅಟ್ಟದಲ್ಲಿಯೂ ಅಂಥದೊಂದು ಪೆಟ್ಟಿಗೆಯಿದ್ದರೆ, ಹದ ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಅದನ್ನು ಕೆಳಗಿಳಿಸಿರಿ.